ಅಡ್ರಿನಲ್ ಕೈಕೊಟ್ಟ ಮೇಲೆ ಮೂರು ಹೊತ್ತಿನ ಮಾತ್ರೆಯೋ, ಒಂದು ಹೊತ್ತಿನದೋ? ಅನುಭವ ಇದ್ದವರು ಹೇಳಿ

ಹೊಸಮನೆ ಸೊಸೆ: ಮಾವನವರಿಗೆ ಅಡಿಸನ್ ಕಾಯಿಲೆ, ಅಂದ್ರೆ ಮೂತ್ರಪಿಂಡದ ಮೇಲಿರೋ ಅಡ್ರಿನಲ್ ಗ್ರಂಥಿಗಳು ಹಾರ್ಮೋನ್ ಮಾಡ್ತಿಲ್ಲ. ಟಿಬಿ ಎರಡೂ ಅಡ್ರಿನಲ್ ಗ್ರಂಥಿಗಳನ್ನ ತಿಂದುಹಾಕಿದೆ, ಟಿಬಿ ಮಾತ್ರೆ ಈಗ ನಾಲ್ಕನೇ ತಿಂಗಳು. ಹೈಡ್ರೋಕಾರ್ಟಿಸೋನ್ ಬೆಳಿಗ್ಗೆ-ಮಧ್ಯಾಹ್ನ-ಸಂಜೆ 10-5-5 ಮಿ.ಗ್ರಾಂ, ಫ್ಲೂಡ್ರೋಕಾರ್ಟಿಸೋನ್ ಅರ್ಧ ಮಾತ್ರೆ ಬರೆದಿದ್ದಾರೆ. ಮಧ್ಯಾಹ್ನದ್ದು ಮರೆತೇಬಿಡ್ತಾರೆ. ಒಂದೇ ಹೊತ್ತಿನ ಪ್ರೆಡ್ನಿಸೊಲೋನ್‌ಗೆ ಬದಲಾಯಿಸಿದವರು ಇದ್ದೀರಾ?

ಬೆಳಗಿನ ಡೋಸು: ಬೇಡವೇ ಬೇಡ. ಅಡ್ರಿನಲ್ ಮಾಡೋ ಕಾರ್ಟಿಸೋಲ್ ಹಾರ್ಮೋನ್ ನಸುಕಿನಲ್ಲಿ ಏರಿ ಎಂಟರ ಹೊತ್ತಿಗೆ ತುದಿ ಮುಟ್ಟತ್ತೆ, ನಡುರಾತ್ರಿಗೆ ತಳ ಸೇರತ್ತೆ. 10-5-5 ಅನ್ನೋದು ಅದರ ನಕಲು. ರಕ್ತದಲ್ಲಿ ಹೈಡ್ರೋಕಾರ್ಟಿಸೋನ್ ಒಂದೂವರೆ ಗಂಟೆಗೇ ಅರ್ಧಕ್ಕಿಳಿಯತ್ತೆ, ಅದಕ್ಕೇ ಮೂರು ಸಲ. ಮೊದಲನೇದು ಹಾಸಿಗೆಯಲ್ಲೇ, ಕಾಫಿ ಆಮೇಲೆ. ಕೊನೇದು ಸಂಜೆ ಐದರೊಳಗೆ. ರಾತ್ರಿ ಊಟದ ಜೊತೆ ನುಂಗಿದ್ರೆ ನಿದ್ದೆ ಹಾಳು.

ಒಂದೇ ಗುಳಿಗೆ: ನಕಲಂತೆ! ಮರೆತುಹೋದ ಮಾತ್ರೆ ಯಾವುದರ ನಕಲು? ಪ್ರೆಡ್ನಿಸೊಲೋನ್ ಬೆಳಿಗ್ಗೆ 3ರಿಂದ 5 ಮಿ.ಗ್ರಾಂ, ದಿನದ ಕೆಲಸ ಮುಗೀತು. 5 ಮಿ.ಗ್ರಾಂ ಅಂದ್ರೆ ಹೈಡ್ರೋಕಾರ್ಟಿಸೋನ್ 20ಕ್ಕೆ ಸಮ. ಯಾವ ಊರಿನ ಮೆಡಿಕಲ್‌ನಲ್ಲೂ ಸಿಗತ್ತೆ. ಹೈಡ್ರೋಕಾರ್ಟಿಸೋನ್ ಕೇಳಿ ನೋಡಿ, ಮುಲಾಮು ಕೊಟ್ಟು ಕಳಿಸ್ತಾರೆ.

ಬೆಳಗಿನ ಡೋಸು: ಸಮ ಅನ್ನೋದು ಅರ್ಧ ಲೆಕ್ಕ. ಉಪ್ಪು ಹಿಡಿದಿಡೋ ಶಕ್ತಿ ನಿಮ್ಮ ಗುಳಿಗೆಯಲ್ಲಿ ಐದನೇ ಒಂದು ಪಾಲು ಮಾತ್ರ. ಉಪ್ಪು ಕಾಯೋ ಅಡ್ರಿನಲ್ ಹಾರ್ಮೋನ್ ಅಲ್ಡೋಸ್ಟೆರೋನ್ ಮೊದಲೇ ಇಲ್ಲ. ಸೋಡಿಯಂ ಇಳಿದು ಪೊಟ್ಯಾಸಿಯಂ ಏರತ್ತೆ. ಸಾಲದ್ದಕ್ಕೆ ಡೋಸು ಚೂರು ಹೆಚ್ಚಾದ್ರೂ ವರ್ಷಗಟ್ಟಲೆ ಮೂಳೆ ಸವೀತದೆ.

ಒಂದೇ ಗುಳಿಗೆ: ಉಪ್ಪಿಗೆ ಅಂತಲೇ ಅಲ್ವಾ ಫ್ಲೂಡ್ರೋ ಬೇರೆ ಕೊಡೋದು? ಮಲಗಿಸಿ ಬಿಪಿ ನೋಡಿ, ನಿಲ್ಲಿಸಿ ಮೂರು ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಇಳಿದ್ರೆ ಫ್ಲೂಡ್ರೋ ಸಾಲ್ತಿಲ್ಲ. ಕಾಲು ಊದಿದ್ರೆ, ಪೊಟ್ಯಾಸಿಯಂ ಕುಸಿದ್ರೆ ಜಾಸ್ತಿಯಾಗಿದೆ.

ರಾಯಚೂರು ಬಿಸಿಲು: ಬೇಸಿಗೆಯಲ್ಲಿ ಬೆವರಿನ ಜೊತೆ ಉಪ್ಪು ಹೋಗೋದನ್ನ ಇಬ್ಬರೂ ಬಿಟ್ರಿ. ಏಪ್ರಿಲ್-ಮೇನಲ್ಲಿ ಫ್ಲೂಡ್ರೋ ಏರಿಸೋ ಬಗ್ಗೆ ಮೊದಲೇ ಡಾಕ್ಟರ್ ಹತ್ರ ಕೇಳಿಟ್ಕೊಳ್ಳಿ. ಮಜ್ಜಿಗೆಗೆ ಉಪ್ಪು ಧಾರಾಳ ಹಾಕಿ. ಉಪ್ಪು ಕಮ್ಮಿ ಮಾಡಿ ಅನ್ನೋ ನೆಂಟರನ್ನ ಅಡುಗೆಮನೆಗೆ ಬಿಡಬೇಡಿ.

ಕಷಾಯಪ್ರಿಯ: ಅತಿಮಧುರದ ಕಷಾಯ ಕುಡಿದ್ರೆ ಫ್ಲೂಡ್ರೋನೇ ಬೇಡ.

ಒಂದೇ ಗುಳಿಗೆ: ಬಿಪಿ ಏರೋದು ನಿಜ. ಕಾರ್ಟಿಸೋಲನ್ನ ಮೂತ್ರಪಿಂಡದಲ್ಲಿ ನಿಷ್ಕ್ರಿಯ ಮಾಡೋ ಕಿಣ್ವವನ್ನ ಅತಿಮಧುರ ತಡೆಯತ್ತೆ, ಆಗ ಕಾರ್ಟಿಸೋಲೇ ಅಲ್ಡೋಸ್ಟೆರೋನ್ ಕೆಲಸ ಮಾಡತ್ತೆ. ಆದ್ರೆ ಒಂದು ಲೋಟದಲ್ಲಿ ಎಷ್ಟಿದೆ ಅಂತ ಅಳೆದವರ್ಯಾರು? ದಿನಕ್ಕೊಂದು ಥರ ಪೊಟ್ಯಾಸಿಯಂ ಬೇಕಾ?

ಕೆಂಪು ಡಬ್ಬಿ: ಜಗಳ ಆಡೋರು ಪ್ರಶ್ನೆ ಓದಿದ್ರಾ? ಟಿಬಿ ಮಾತ್ರೆ ನಡೀತಿದೆ, ಅಂದ್ರೆ ರಿಫಾಂಪಿಸಿನ್. ಅದು ಲಿವರ್‌ನ ಕಿಣ್ವಗಳನ್ನ ಕೆರಳಿಸಿ ಹೈಡ್ರೋಕಾರ್ಟಿಸೋನ್, ಪ್ರೆಡ್ನಿಸೊಲೋನ್ ಎರಡನ್ನೂ ಬೇಗ ಕರಗಿಸಿಬಿಡತ್ತೆ. 10-5-5 ಇವರಿಗೆ ಸಾಲದೇ ಇರಬಹುದು, ಎರಡು ಪಟ್ಟು ಬೇಕಾಗೋದೂ ಉಂಟು. ಅಕ್ಕಾ, ಈ ವಾರವೇ ಬರೆದುಕೊಟ್ಟವರನ್ನ ಕೇಳಿ. ಟಿಬಿ ಕೋರ್ಸ್ ಮುಗಿದು ಎರಡು ವಾರದ ಹೊತ್ತಿಗೆ ಮತ್ತೆ ಇಳಿಸಬೇಕಾಗತ್ತೆ.

ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ ಹೈಡ್ರೋಕಾರ್ಟಿಸೋನ್ ಡಬಲ್, 39 ದಾಟಿದ್ರೆ ಮೂರು ಪಟ್ಟು. ನುಂಗಿ ಅರ್ಧ ಗಂಟೆಯೊಳಗೆ ವಾಂತಿಯಾದ್ರೆ ಇನ್ನೊಮ್ಮೆ ಕೊಡಿ, ಅದೂ ನಿಲ್ಲದಿದ್ರೆ ಕಾಯಬೇಡಿ, ಸೂಜಿ. ಹೈಡ್ರೋಕಾರ್ಟಿಸೋನ್ ಸೋಡಿಯಂ ಸಕ್ಸಿನೇಟ್ 100 ಮಿ.ಗ್ರಾಂ ಪುಡಿಯ ವಯಲ್‌ಗೆ 2 ಮಿ.ಲೀ. ಸ್ಟೆರೈಲ್ ವಾಟರ್ ಹಾಕಿ, ತಿಳಿಯಾಗೋ ತನಕ ಮೆಲ್ಲಗೆ ತಿರುಗಿಸಿ, ತೊಡೆಯ ಹೊರಬದಿ ಸ್ನಾಯುವಿಗೆ. ನರ್ಸ್ ಹತ್ರ ಈಗಲೇ ಕಲಿತಿಡಿ. ಸೂಜಿ ಕೊಟ್ಟ ಮೇಲೂ ಆಸ್ಪತ್ರೆಗೆ ಹೋಗಲೇಬೇಕು, ಸಲೈನ್ ಬೇಕಾಗತ್ತೆ.

ಹೊಸಮನೆ ಸೊಸೆ: ರಿಫಾಂಪಿಸಿನ್ ವಿಷಯ ಯಾರೂ ಹೇಳಿರಲಿಲ್ಲ. ನಾಳೆಯೇ ಹೋಗ್ತೀವಿ.

ಬೆಳಗಿನ ಡೋಸು: ಪ್ರೆಡ್ನಿಸೊಲೋನ್ ಅಂತೂ ಅಲ್ಲಿಗೆ ಮುಗೀತಲ್ಲ?

ಒಂದೇ ಗುಳಿಗೆ: ಎರಡನ್ನೂ ಕರಗಿಸತ್ತೆ ಅಂತ ಬರೆದಿದ್ದಾರೆ. ಕನ್ನಡಕ ಹಾಕ್ಕೊಳ್ಳಿ.

ಕಷಾಯಪ್ರಿಯ: ಬೀಡಾದಲ್ಲಿ ಹಾಕೋ ಒಂದು ಚೂರು ಅತಿಮಧುರಕ್ಕೂ ತಕರಾರಾ?