ಸಹಾಯ ಬೇಕು: ಚಾರಣ ತಂಡ ಮುನ್ನಡೆಸಲು ಮೊದಲು ಯಾವ ತರಬೇತಿ?

ನಮಸ್ಕಾರ. ಎಂಟು ವರ್ಷಗಳಿಂದ ಗೆಳೆಯರನ್ನು ಕೊಡಚಾದ್ರಿ, ತಡಿಯಂಡಮೋಳ್, ಕುಮಾರ ಪರ್ವತಗಳಿಗೆ ಕರೆದೊಯ್ಯುತ್ತಿದ್ದೇನೆ. ಕಳೆದ ವರ್ಷ ಕುಮಾರ ಪರ್ವತದಿಂದ ಕುಕ್ಕೆಯ ಕಡೆಗೆ ಇಳಿಯುವಾಗ ಶೇಷಪರ್ವತದ ಬಳಿ ಮಂಜು ಕವಿಯಿತು. ತಂಡದ ಒಬ್ಬಳ ಪಾದ ಉಳುಕಿತು. ಪಟ್ಟಿ ಕಟ್ಟುವುದೂ ನನಗೆ ಸರಿಯಾಗಿ ತಿಳಿದಿರಲಿಲ್ಲ. ಇಳಿಯುವ ದಾರಿಯಲ್ಲಿ ಸಿಗುವ ಭಟ್ಟರಮನೆ ಎಂಬ ಮನೆಯನ್ನು ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಹನ್ನೆರಡು ಜನ ನನ್ನನ್ನೇ ನಂಬಿ ಬಂದಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕ್ರಮಬದ್ಧವಾಗಿ ಕಲಿಯದೆ ಇನ್ನು ಯಾರನ್ನೂ ಕರೆದೊಯ್ಯುವುದಿಲ್ಲ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ 28 ದಿನಗಳ ಮೂಲ ಕೋರ್ಸಿಗೆ ಸೇರುವ ಆಸೆಯಿದೆ. ಅದರಲ್ಲಿ ‘ಎ’ ಶ್ರೇಣಿ ಬಂದವರಿಗೆ ಮುಂದಿನ ಹಂತದ ಕೋರ್ಸ್, ಅಲ್ಲಿಯೂ ‘ಎ’ ಬಂದರೆ ಬೋಧನಾ ವಿಧಾನದ ತರಬೇತಿ. ಆದರೆ ಅಲ್ಲಿ ಕಲಿಸುವುದು ಮುಖ್ಯವಾಗಿ ಬಂಡೆ, ಹಿಮ, ಹಗ್ಗದ ಕೆಲಸ. ಮಳೆ, ಉಂಬಳ, ದಾರಿ ಮುಚ್ಚುವ ಹುಲ್ಲಿನ ನಮ್ಮ ಸಹ್ಯಾದ್ರಿಗೆ ನಕ್ಷೆ, ದಿಕ್ಸೂಚಿ, ಪ್ರಥಮ ಚಿಕಿತ್ಸೆಯೇ ಮೊದಲು ಬೇಕು ಎಂದು ನನಗನ್ನಿಸುತ್ತದೆ.

ಮೂಲ ಕೋರ್ಸ್ ಮುಗಿಸಿ ಇಲ್ಲಿ ತಂಡ ನಡೆಸುತ್ತಿರುವವರು ಯಾರಾದರೂ ಇದ್ದೀರಾ? ಬೆನ್ನಿಗೆ ಭಾರ ಹೊತ್ತು ನಡೆಯುವ ಅಭ್ಯಾಸವನ್ನು ಎಷ್ಟು ತಿಂಗಳು ಮೊದಲೇ ಆರಂಭಿಸಿದಿರಿ? ಆಸ್ಪತ್ರೆ ದೂರವಿರುವ ಕಾಡಿನಲ್ಲಿ ಮಾಡಬೇಕಾದ ಪ್ರಥಮ ಚಿಕಿತ್ಸೆಯನ್ನು ಬೆಂಗಳೂರು ಅಥವಾ ಮೈಸೂರಿನಲ್ಲಿ ಯಾರು ಚೆನ್ನಾಗಿ ಕಲಿಸುತ್ತಾರೆ? ದಯವಿಟ್ಟು ತಿಳಿಸಿ.