ಪುಟ್ಟಿಯ ಥೂಜಾ ಗಿಡಗಳಿಗೆ ಅತ್ತೆಯ ಉತ್ತರ

ಪುಟ್ಟಿ, ಬಾಗಿಲ ಹತ್ರ ಇಟ್ಟ ಎರಡೂ ಥೂಜಾ ಗಿಡ ಕಂದಾಗಿ ಒಣಗ್ತಿವೆ, ಏನ್ಮಾಡ್ಲಿ ಅಂತ ನೀನು ಮನೆಯವರ ಗ್ರೂಪಲ್ಲಿ ಹಾಕಿದ ಫೋಟೋ ಎಲ್ಲಾ ನೋಡ್ದೆ. ಟೈಪ್ ಮಾಡಕ್ಕೆ ಕೂತ್ರೆ ಸಂಜೆ ಆಗತ್ತೆ, ಅದಕ್ಕೇ ಮಾತಾಡ್ತಿದೀನಿ. ಸ್ವಲ್ಪ ಉದ್ದ ಆಗತ್ತೆ. ಗಿಡದ ಗೋಜು ಬೇಡ ಅನ್ನೋರು ಮುಂದಕ್ಕೆ ಹೋಗ್ಬಹುದು, ಬೇಜಾರಿಲ್ಲ.

ಮೊದ್ಲು ಒಂದು ಮಾತು. ಕಂದು ಆಗಿರೋದನ್ನೆಲ್ಲ ಬೋಳಿಸಿಬಿಡ್ತೀನಿ, ಆಮೇಲೆ ತಾನಾಗೇ ಚಿಗುರತ್ತೆ ಅಂತ ನಿಮ್ಮ ಅಪಾರ್ಟ್‌ಮೆಂಟ್ ಮಾಲಿ ಹೇಳ್ದ ಅಂತ ಬರ್ದಿದ್ಯಲ್ಲ, ಅವನ ಕೈಗೆ ಕತ್ತರಿ ಕೊಡ್ಬೇಡ. ಅವನು ದಾಸವಾಳ, ಡುರಾಂಟಾ ಬೇಲಿ ಕತ್ತರಿಸಿ ರೂಢಿ ಇರೋನು. ಅವುಗಳನ್ನ ಮೊಣಕಾಲೆತ್ತರಕ್ಕೆ ತಂದು ನಿಲ್ಲಿಸಿದ್ರೂ ಹದಿನೈದು ದಿನಕ್ಕೆ ಹಳೇ ಕಟ್ಟಿಗೆಯಿಂದ ಕಣ್ಣು ಒಡೆದು ಚಿಗುರ್ತವೆ. ನಿನ್ನದು ಥೂಜಾ, ನರ್ಸರಿಯವರು ಮೋರ್‌ಪಂಖಿ ಅಂತಾರಲ್ಲ ಅದು. ನಾವು ಸ್ಕೂಲಲ್ಲಿ ಅದರ ಎಲೆ ಪುಸ್ತಕದೊಳಗೆ ಇಟ್ಕೋತಿದ್ವಿ, ಅಣ್ಣಂಗೆ ನೆನಪಿರತ್ತೆ. ಥೂಜಾ, ಜೂನಿಪರ್, ಸೈಪ್ರೆಸ್ ಇವುಗಳ ಸ್ವಭಾವ ಬೇರೆ. ಹಸಿರು ಇರೋ ತುದಿಯಿಂದ ಮಾತ್ರ ಮುಂದೆ ಬೆಳೀತವೆ. ಎಲೆ ಉದುರಿ ಬರೀ ಕಡ್ಡಿ ಆದ ಭಾಗಕ್ಕೆ ಕತ್ತರಿ ಬಿತ್ತು ಅಂದ್ರೆ ಅಲ್ಲಿ ಮತ್ತೆ ಹಸಿರು ಬರಲ್ಲ. ಬೋಳಿಸಿದ ಜಾಗ ಬೋಳಾಗೇ ಉಳ್ಯತ್ತೆ. ಕುಂಡದಲ್ಲಿ ಕತ್ತರಿಸಿ ಆಕಾರ ಕೊಡೋ ಗಿಡ ಸಾಕೋರು ಮೊದ್ಲು ತಿಳ್ಕೋಬೇಕಾದ್ದು ಇದೊಂದೇ: ನಮ್ಮ ಗಿಡ ಹಳೇ ಕಟ್ಟಿಗೆಯಿಂದ ಚಿಗುರೋ ಜಾತೀನಾ, ಅಲ್ವಾ. ಕತ್ತರಿ, ಗೊಬ್ಬರ, ಕುಂಡದ ಅಳತೆ ಎಲ್ಲ ಆಮೇಲೆ.

ಇನ್ನು ಯಾಕೆ ಹೀಗಾಯ್ತು ಅನ್ನೋದು. ಕಾರ್ತೀಕದಲ್ಲಿ ಗೃಹಪ್ರವೇಶಕ್ಕೆ ತಂದು ಬಾಗಿಲ ಎರಡೂ ಕಡೆ ಇಟ್ಟಿದ್ದು, ಅಲ್ವಾ? ಫೋಟೋದಲ್ಲಿ ನೋಡಿದ್ರೆ ನಿಮ್ಮ ಲಾಬಿಲಿ ಲಿಫ್ಟ್ ಹತ್ರ ಒಂದು ಕಿಟಕಿ, ಉಳಿದಿದ್ದೆಲ್ಲ ಟ್ಯೂಬ್ ಲೈಟು. ಕಿಟಕಿ ಕಡೆಯ ಗಿಡ ಮುಂದೆ ಹಸಿರಾಗೇ ಇದೆ, ಗೋಡೆ ಕಡೆ ಮಾತ್ರ ಕಂದು. ಇನ್ನೊಂದು ಬುಡದಿಂದ ಮೇಲಕ್ಕೆ ಒಣಗ್ತಾ ಬರ್ತಿದೆ, ಎಲೆ ಮೇಲೆ ಬೂದಿ ಬಿದ್ದ ಹಾಗೆ ಮಂಕಾಗಿದೆ. ಈ ಗಿಡಕ್ಕೆ ದಿನಕ್ಕೆ ನಾಲ್ಕೈದು ಗಂಟೆ ನೇರ ಬಿಸಿಲು ಬೇಕು ಕಣೇ. ಬೆಳಕು ಸಿಗದ ಕಡೆಯ ಎಲೆಯನ್ನ ಅದು ಕೈಬಿಡತ್ತೆ. ಒಳಗಡೆ, ಕಾಂಡದ ಹತ್ರ ಸ್ವಲ್ಪ ಒಣ ಎಲೆ ಇದ್ರೆ ಹೆದರ್ಬೇಡ, ಅದು ಪ್ರತಿ ವರ್ಷ ಉದುರೋದೇ. ಕೈಯಲ್ಲಿ ಕೊಡವಿ ತೆಗೆದುಬಿಡು, ಗಾಳಿ ಆಡತ್ತೆ. ಹೊರಗಿನ ತುದಿ ಕಂದಾದ್ರೆ ಮಾತ್ರ ಯೋಚನೆ.

ನೀರು ಜಾಸ್ತಿ ಹಾಕು ಅಂತ ಭಾವ ಹೇಳಿದ್ರು, ಕಮ್ಮಿ ಹಾಕು ಅಂತ ಅಣ್ಣ ಹೇಳ್ದ. ನೋಡು, ನಿನ್ನ ಕುಂಡದಲ್ಲಿ ಎರಡೂ ಒಟ್ಟಿಗೆ ಆಗಿರ್ಬಹುದು. ಬೆಂಗಳೂರಿನ ನರ್ಸರಿಗಳಿಗೆ ಈ ತರದ ಗಿಡಗಳು ಎಷ್ಟೋ ಲೋಡು ಆಂಧ್ರದ ಕಡಿಯಂನಿಂದ ಬರ್ತವೆ, ರಾಜಮಂಡ್ರಿ ಹತ್ರ, ಗೋದಾವರಿ ಸೀಮೆ. ಬೇರಿನ ಸುತ್ತ ಜಿಗುಟು ಮಣ್ಣಿನ ಹೆಂಟೆ ಕಟ್ಟಿ ಲಾರಿಗೆ ಹಾಕ್ತಾರೆ. ಅಲಂಕಾರಕ್ಕೆ ಅಂತ ಕೊಡೋರು ಆ ಹೆಂಟೆ ಬಿಡಿಸದೆ ಪ್ಲಾಸ್ಟಿಕ್ ಕುಂಡಕ್ಕೆ ಹಾಕಿ, ಸುತ್ತ ಒಂದಿಷ್ಟು ಕೋಕೋಪೀಟ್, ಅಂದ್ರೆ ತೆಂಗಿನ ನಾರಿನ ಪುಡಿ ತುಂಬಿ, ಅದನ್ನ ಹೊಳೆಯೋ ಬಿಳಿ ಕುಂಡದೊಳಗೆ ಇಳಿಸಿಬಿಡ್ತಾರೆ. ಹೆಂಟೆ ಒಂದ್ಸಲ ಪೂರ್ತಿ ಒಣಗಿತು ಅಂದ್ರೆ ಸುಟ್ಟ ಇಟ್ಟಿಗೆ ಹಾಗೆ. ನೀನು ಹಾಕಿದ ನೀರು ಅದರ ಪಕ್ಕದಲ್ಲೇ ಜಾರಿ ಕೆಳಗೆ ಹೋಗತ್ತೆ, ನಡುವಿನ ಬೇರಿಗೆ ಒಂದು ಹನಿ ಇಲ್ಲ. ಆ ಬಿಳಿ ಕುಂಡಕ್ಕೆ ತಳದಲ್ಲಿ ತೂತಿಲ್ಲದಿದ್ರೆ ಜಾರಿದ ನೀರು ಅಲ್ಲೇ ನಿಂತು ಕೆಳಗಿನ ಬೇರು ಕೊಳೆಯತ್ತೆ. ಮೇಲಿಂದ ಬಾಯಾರಿಕೆ, ಕೆಳಗಿಂದ ಕೊಳೆತ.

ಹಾಗಾಗಿ ಇವತ್ತು ಸಂಜೆ ಒಂದು ಕೆಲಸ ಮಾಡು. ಒಳಗಿನ ಪ್ಲಾಸ್ಟಿಕ್ ಕುಂಡಾನ ಹೊರಗೆ ಎತ್ತು. ತಳದಲ್ಲಿ ನೀರು ನಿಂತಿದ್ರೆ ಚೆಲ್ಲು. ಒಂದು ಬಿದಿರು ಕಡ್ಡಿ ತಗೊಂಡು ಕಾಂಡದ ಹತ್ತಿರವೇ ಆಳಕ್ಕೆ ಚುಚ್ಚಿ, ಐದು ನಿಮಿಷ ಬಿಟ್ಟು ತೆಗಿ. ಕಡ್ಡಿ ಒಣಗಿದ್ರೆ ಕುಂಡ ಮುಳುಗೋವಷ್ಟು ದೊಡ್ಡ ಟಬ್ಬಲ್ಲಿ ನೀರು ತುಂಬಿ ಕೂರಿಸು. ಗುಳ್ಳೆ ಬರೋದು ನಿಂತ ಮೇಲೆ ಎತ್ತಿ, ನೀರು ಸೋರಿ ಹೋಗಕ್ಕೆ ಬಿಡು. ಒದ್ದೆ ಇದ್ದು ಕೊಳೆತ ವಾಸನೆ ಬಂದ್ರೆ ನೀರು ಹಾಕೋದು ನಿಲ್ಲಿಸು, ನೆರಳಲ್ಲಿ ಗಾಳಿಗೆ ಇಡು, ನನಗೆ ಫೋನ್ ಮಾಡು. ಬೇರು ನೋಡಿ ಮುಂದಿನ ಮಾತು.

ಅಂದ ಹಾಗೆ, ಗಿಡಕ್ಕೆ ಆರ್‌ಓ ಮೆಷಿನ್ನಿನ ವೇಸ್ಟ್ ನೀರು ಹಾಕ್ತಿದೀನಿ ಅಂದ್ಯಲ್ಲ, ಅದನ್ನ ನೆಲ ಒರೆಸಕ್ಕೆ ಇಟ್ಕೋ. ಬೋರ್‌ವೆಲ್ ನೀರಿನ ಉಪ್ಪನ್ನೆಲ್ಲ ಸೋಸಿ ಹಿಂದೆ ಬಿಡೋದೇ ಆ ನೀರು. ಕುಂಡದಲ್ಲಿ ಉಪ್ಪು ಎಲ್ಲಿಗೆ ಹೋಗತ್ತೆ? ಅಂಚಿಗೆ ಬಿಳಿ ಪದರ ಕಟ್ಟತ್ತೆ, ಎಲೆ ತುದಿ ಸುಡತ್ತೆ. ಬೋರ್ ನೀರೇ ಗತಿ ಅಂದ್ರೂ ತಿಂಗಳಿಗೊಂದ್ಸಲ ತಳದಿಂದ ಚೆನ್ನಾಗಿ ಹರಿದು ಹೋಗೋವರೆಗೆ ನೀರು ಹಾಕಿ ಮಣ್ಣು ತೊಳಿ. ಮಳೆ ನೀರು ಸಿಕ್ರೆ ಅದಕ್ಕಿಂತ ಒಳ್ಳೇದಿಲ್ಲ. ಎಸಿ ಪೈಪಿಂದ ತೊಟ್ಟಿಕ್ಕೋ ನೀರೂ ನಡೆಯತ್ತೆ.

ಎಲೆ ಮೇಲೆ ಆ ಬೂದಿ ಬಣ್ಣ ಇದೆಯಲ್ಲ, ಅದು ನುಸಿ, ಅಂದ್ರೆ ಎಲೆಯ ರಸ ಹೀರೋ ಕಣ್ಣಿಗೆ ಕಾಣದಷ್ಟು ಸಣ್ಣ ಹುಳದ ಕಾಟ ಇರ್ಬಹುದು. ಫೆಬ್ರವರಿಯಿಂದ ಮೇ ತನಕ ಒಣ ಹವೆಯಲ್ಲಿ, ಅದೂ ಮಳೆ ಗಾಳಿ ತಾಕದ ಲಾಬಿ ಅಂತ ಜಾಗದಲ್ಲಿ ಇದರ ಕಾಟ. ಬಿಳಿ ಹಾಳೆ ಹಿಡಿದು ಮೇಲೆ ರೆಂಬೆ ತಟ್ಟು. ಸಣ್ಣ ಚುಕ್ಕಿಗಳು ಬಿದ್ದು ನಿಧಾನ ಹರಿದಾಡಿದ್ರೆ ನುಸಿನೇ. ಬಾತ್ರೂಮಿಗೆ ತಗೊಂಡು ಹೋಗಿ ಹ್ಯಾಂಡ್ ಶವರಲ್ಲಿ ಒಳಗೂ ಹೊರಗೂ ಜೋರಾಗಿ ತೊಳಿ, ಅರ್ಧ ಹೋಗತ್ತೆ. ಆಮೇಲೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಬೆರೆಯಕ್ಕೆ ಎರಡು ಹನಿ ಸೋಪಿನ ದ್ರಾವಣ. ಬಿಸಿಲಿಳಿದ ಮೇಲೆ ಸ್ಪ್ರೇ ಮಾಡು, ವಾರಕ್ಕೊಂದ್ಸಲದಂತೆ ಮೂರು ವಾರ. ಮೊಟ್ಟೆ ಒಡೆದು ಹೊಸದು ಬರ್ತಾನೇ ಇರತ್ತೆ, ಒಂದ್ಸಲಕ್ಕೆ ಮುಗಿಯಲ್ಲ.

ಜಾಗ. ಅದೇ ಮುಖ್ಯ. ಎರಡನ್ನೂ ಬಾಲ್ಕನಿಗೆ ತಗೊಂಡು ಹೋಗು, ಆದ್ರೆ ಲಾಬಿ ಕತ್ತಲೆಯಿಂದ ನೇರ ಮಾರ್ಚ್ ಬಿಸಿಲಿಗೆ ಹಾಕಿದ್ರೆ ಸುಟ್ಟುಹೋಗತ್ತೆ. ಮೊದಲ ಹತ್ತು ದಿನ ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನ ನೆರಳು. ವಾರಕ್ಕೊಂದ್ಸಲ ಕುಂಡಾನ ಕಾಲು ಸುತ್ತು ತಿರುಗಿಸು, ಎಲ್ಲ ಕಡೆ ಸಮ ಬೆಳಕು ಬಿದ್ರೆ ತಾನೇ ಆಕಾರ ನಿಲ್ಲೋದು. ಹಬ್ಬಕ್ಕೆ, ನೆಂಟರು ಬಂದಾಗ ಎರಡು ದಿನ ಬಾಗಿಲಿಗೆ ತಂದು ಇಡು, ಮತ್ತೆ ವಾಪಸ್. ಇಲ್ಲ ಅತ್ತೆ, ದಿನಾ ಬಾಗಿಲಲ್ಲೇ ಬೇಕು ಅಂದ್ರೆ ಪ್ಲಾಸ್ಟಿಕ್ಕಿನದ್ದು ತಂದಿಡು. ನನಗೇನೂ ಬೇಜಾರಿಲ್ಲ, ಜೀವ ಇರೋದನ್ನ ಕತ್ತಲಲ್ಲಿ ನಿಲ್ಲಿಸೋದಕ್ಕಿಂತ ವಾಸಿ.

ಕುಂಡ ಬದಲಾಯಿಸೋದು ಜೂನ್ ಮಳೆ ಹಿಡಿದ ಮೇಲೆ, ಈ ಸೆಕೆಯಲ್ಲಿ ಬೇರು ಮುಟ್ಟಬೇಡ. 12 ಅಥವಾ 14 ಇಂಚಿನದ್ದು ಸಾಕು, ತೀರ ದೊಡ್ಡದು ಹಾಕಿದ್ರೆ ಬೇರು ಮುಟ್ಟದ ಮಣ್ಣಲ್ಲಿ ನೀರು ನಿಲ್ಲತ್ತೆ. ನಿಮ್ಮದು ಎತ್ತರದ ಫ್ಲೋರು, ಗಾಳಿಗೆ ಉರುಳದ ಹಾಗೆ ಮಣ್ಣಿನ ಭಾರದ ಕುಂಡ ಒಳ್ಳೇದು, ಆದ್ರೆ ಬೇಗ ಒಣಗತ್ತೆ ಅಂತ ಗೊತ್ತಿರ್ಲಿ. ಕೆಮ್ಮಣ್ಣು ಎರಡು ಪಾಲು, ಎರೆಗೊಬ್ಬರ ಒಂದು, ಕೋಕೋಪೀಟ್ ಒಂದು, ದಪ್ಪ ಮರಳು ಒಂದು, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಕುಂಡದ ಕೆಳಗೆ ಇಟ್ಟಿಗೆ ಚೂರು ಕೊಟ್ಟು ಎತ್ತರಿಸು. ಗೊಬ್ಬರದ ವಿಷಯದಲ್ಲಿ ಧಾರಾಳ ಬೇಡ. ಯೂರಿಯಾ ಹಾಕಿದ್ರೆ ಉದ್ದುದ್ದ ಮೆತ್ತಗಿನ ಚಿಗುರು ಬಂದು ಆಕಾರ ಕೆಡತ್ತೆ, ಹುಳಕ್ಕೂ ಹಬ್ಬ.

ಕತ್ತರಿಸೋದು ಎಲ್ಲರಿಗೂ ಇಷ್ಟದ ಕೆಲಸ, ಅದಕ್ಕೇ ಅತಿ ಮಾಡ್ತಾರೆ. ನಿನ್ನ ಗಿಡ ಕುಳ್ಳ ಜಾತಿ, ಕತ್ತರಿ ಇಲ್ಲದೇನೇ ಮೊಟ್ಟೆ ಆಕಾರ ತಾಳೋದು. ಮಳೆಗಾಲದ ಚಿಗುರು ಬಂದ ಮೇಲೆ ಹೊರಗೆ ಚಾಚಿದ ತುದಿಗಳನ್ನ ಅರ್ಧ ಇಂಚು ಚಿವುಟು, ಮತ್ತೆ ಅಕ್ಟೋಬರಲ್ಲಿ ಒಂದ್ಸಲ, ಅಷ್ಟೇ. ಮೋಡ ಇರೋ ದಿನ ಮಾಡು. ಏಪ್ರಿಲ್ ಬಿಸಿಲಲ್ಲಿ ಕತ್ತರಿಸಿದ್ರೆ ಒಳಗಿದ್ದ ಎಳೆ ಎಲೆ ಒಂದೇ ದಿನಕ್ಕೆ ಕಂದುತ್ತೆ. ಬುಡ ಯಾವಾಗ್ಲೂ ತಲೆಗಿಂತ ಅಗಲ ಇರ್ಲಿ. ಮೇಲೆ ಅಗಲ ಆದ್ರೆ ಕೆಳಗಡೆಗೆ ನೆರಳು ಬಿದ್ದು ಬೋಳಾಗತ್ತೆ, ಥೂಜಾದಲ್ಲಿ ಬೋಳಾದ್ರೆ ಏನಾಗತ್ತೆ ಅಂತ ಆಗಲೇ ಹೇಳಿದೀನಿ. ಕತ್ತರಿಗೆ ಸರ್ಜಿಕಲ್ ಸ್ಪಿರಿಟ್ ಒರೆಸಿ ಶುರುಮಾಡು.

ಪ್ರಸಾದ ಮ್ಯಾಂಚೆಸ್ಟರಿಂದ ಬಾಕ್ಸ್ ಗಿಡ, ಅಂದ್ರೆ ಆಕಾರಕ್ಕೆ ಕತ್ತರಿಸೋ ಸಣ್ಣೆಲೆಯ ಪೊದೆ, ಅದನ್ನ ಹಾಕು ಅಂದಿದಾನೆ. ಪ್ರಸಾದ, ಅದು ನಿಮ್ಮೂರಿಗೆ ಸರಿ ಕಣೋ. ಬೆಂಗಳೂರಲ್ಲಿ ಬದುಕತ್ತೆ, ಆದ್ರೆ ಬೆಳೆಯೋದು ತುಂಬ ನಿಧಾನ, ಬೆಲೆ ಜಾಸ್ತಿ. ನಿಮ್ಮಲ್ಲೇ ಅದಕ್ಕೆ ಬ್ಲೈಟ್ ಅನ್ನೋ ಶಿಲೀಂಧ್ರ ರೋಗ, ಮೇಲೆ ಬಾಕ್ಸ್ ಪತಂಗದ ಹುಳ ಬಂದು ತೋಟದವರೆಲ್ಲ ಬೇರೆ ಗಿಡ ಹುಡುಕ್ತಿದಾರೆ. ನೀನು ನಮ್ಮನ್ನ ಇಂಗ್ಲೆಂಡಿನ ಕಂಬ್ರಿಯಾದ ಲೆವೆನ್ಸ್ ಹಾಲ್‌ಗೆ ಕರ್ಕೊಂಡು ಹೋಗಿದ್ಯಲ್ಲ, 1694ರಲ್ಲಿ ಶುರುವಾದ ತೋಟ, ಛತ್ರಿ, ಗೋಪುರ ಅಂತ ಏನೇನೋ ಆಕಾರ. ಅಲ್ಲಿ ದೊಡ್ಡ ದೊಡ್ಡದೆಲ್ಲ ಯೂ ಅನ್ನೋ ಮರ. ಅದೂ ಥೂಜಾ ತರ ಕೋನಿಫರ್, ಅಂದ್ರೆ ಪೈನ್ ಮರದ ಬಳಗದ್ದೇ, ಆದ್ರೆ ಹಳೇ ಕಟ್ಟಿಗೆಯಿಂದ ಚಿಗುರತ್ತೆ. ಅಷ್ಟು ವರ್ಷ ಕತ್ತರಿ ತಿಂದೂ ನಿಂತಿರೋದು ಆ ಗುಣದಿಂದ. ಪುಟ್ಟಿ, ನರ್ಸರಿಲಿ ಗೋಲ್ಡನ್ ಸೈಪ್ರೆಸ್ ಅಂತ ನಿಂಬೆ ವಾಸನೆಯ ಹಳದಿ ಗಿಡ ತೋರಿಸ್ತಾರೆ, ಅದಕ್ಕೂ ಮರುಳಾಗ್ಬೇಡ. ಕ್ಯಾಲಿಫೋರ್ನಿಯಾದ ತಂಪು ಕಡಲತೀರದ್ದು, ಊಟಿ ಮಡಿಕೇರಿಲಿ ಚೆನ್ನ. ನಮ್ಮ ಬೇಸಿಗೆಗೆ ಇದ್ದಕ್ಕಿದ್ದ ಹಾಗೆ ಒಣಗತ್ತೆ.

ಆಕಾರಕ್ಕೆ ಕತ್ತರಿಸಕ್ಕೆ ನಮ್ಮ ಕಡೆಗೆ ನನ್ನ ಆಯ್ಕೆ ಮಾಲ್ಪೀಜಿಯಾ. ಸಿಂಗಪುರ್ ಹಾಲಿ ಅಂತಾನೂ ಅಂತಾರೆ. ಉಗುರಿನಷ್ಟು ಎಲೆ, ಅಂಚಲ್ಲಿ ಸಣ್ಣ ಮುಳ್ಳು, ಗುಂಡಗೆ ಕತ್ತರಿಸಿದ್ರೆ ಒಂದು ಎಲೆನೂ ಎದ್ದು ಕಾಣಲ್ಲ. ತಪ್ಪು ಕತ್ತರಿಸಿದ್ರೂ ತುಂಬ್ಕೊಳ್ಳತ್ತೆ, ಕಲಿಯೋರಿಗೆ ಅದೇ ಸರಿ. ಆಲದ ಬಳಗದ ಫೈಕಸ್ಸೂ ಗಟ್ಟಿ, ಆದ್ರೆ ಜಾಗ ಬದಲಾಯಿಸಿದ್ರೆ ಮುನಿಸ್ಕೊಂಡು ಎಲೆ ಉದುರಿಸತ್ತೆ. ಎಲೆ ಮಡಿಚ್ಕೊಂಡಿದ್ರೆ ಬಿಚ್ಚಿ ನೋಡು, ಒಳಗೆ ಥ್ರಿಪ್ಸ್ ಅನ್ನೋ ಸಣ್ಣ ಕಪ್ಪು ಹುಳ ಇರತ್ತೆ. ಅಂತಾ ಎಲೆ ಕಿತ್ತು ಕವರಲ್ಲಿ ಕಟ್ಟಿ ಬಿಸಾಕು. ಕತ್ತರಿಸೋವಾಗ ಹಾಲು ಸೋರತ್ತೆ, ಗ್ಲೌಸ್ ಹಾಕ್ಕೋ. ಎರಡು ವರ್ಷಕ್ಕೊಂದ್ಸಲ ಇವೆರಡನ್ನೂ ಕುಂಡದಿಂದ ತೆಗೆದು ಸುತ್ತಿನ ಬೇರು ಒಂದಿಂಚು ಸವರಿ ಹೊಸ ಮಣ್ಣು ಕೊಟ್ರೆ ಅದೇ ಕುಂಡದಲ್ಲೇ ವರ್ಷಗಟ್ಟಲೆ ಇರ್ತವೆ.

ಇನ್ನೊಂದು ಕಾಮಿನಿ. ಬಿಳಿ ಹೂವು, ರಾತ್ರಿ ಇಡೀ ಬಾಲ್ಕನಿ ಘಮ್ಮನ್ನತ್ತೆ. ಕರಿಬೇವಿನ ನಂಟು, ಅದಕ್ಕೇ ಕರಿಬೇವು ತಿನ್ನೋ ಚಿಟ್ಟೆ ಹುಳ ಇದಕ್ಕೂ ಬರತ್ತೆ. ಒಂದೆರಡಿದ್ರೆ ನಾನು ಬಿಟ್ಬಿಡ್ತೀನಿ, ಚಿಟ್ಟೆ ಆಗ್ಲಿ. ಇದನ್ನ ಲಾಲಿಪಾಪ್ ಆಕಾರಕ್ಕೆ ನೀನೇ ತರ್ಬಹುದು. ನೇರ ಕಾಂಡ ಇರೋ ಸಸಿಗೆ ಕೋಲು ಕಟ್ಟು, ಪಕ್ಕದ ರೆಂಬೆ ಬರ್ತಾ ಇದ್ದ ಹಾಗೆ ತುದಿ ಚಿವುಟ್ತಾ ಹೋಗು, ಪೂರ್ತಿ ತೆಗೀಬೇಡ, ಆ ಎಲೆಗಳೇ ಕಾಂಡಾನ ದಪ್ಪ ಮಾಡೋದು. ಬೇಕಾದ ಎತ್ತರ ಬಂದ ಮೇಲೆ ತಲೆ ಚಿವುಟು, ಮೇಲೆ ಕವಲೊಡೆದಾಗ ಮತ್ತೆ ಮತ್ತೆ ಚಿವುಟು. ತಲೆ ಗುಂಡಾದ ಮೇಲೆ ಕೆಳಗಿನದ್ದನ್ನ ತೆಗಿ. ಎರಡು ಮೂರು ವರ್ಷ ಹಿಡಿಯತ್ತೆ. ಹೂವು ಬೇಕು ಅಂದ್ರೆ ಮೊಗ್ಗು ಕಂಡಾಗ ಕತ್ತರಿ ಎತ್ತಿಡು, ಗುಂಡಗೆ ಇರ್ಬೇಕು ಅಂತ ಸದಾ ಕತ್ತರಿಸ್ತಿದ್ರೆ ಹೂವು ಮರೆತುಬಿಡು.

ನನ್ನ ಹತ್ರ ಎರಡು ಕಾಮಿನಿ ಸಸಿ ಇದೆ. ಅಣ್ಣ ಯುಗಾದಿಗೆ ಮೈಸೂರಿಗೆ ಬಂದಾಗ ಕೊಟ್ಟು ಕಳಿಸ್ತೀನಿ. ಅಣ್ಣ, ಡಿಕ್ಕಿಲಿ ಮಲಗಿಸ್ಬೇಡ, ಹಿಂದಿನ ಸೀಟ್ ಕೆಳಗಡೆ ನಿಲ್ಲಿಸ್ಕೊಂಡು ಹೋಗು. ಪುಟ್ಟಿ, ನೀನು ಮೊದ್ಲು ಆ ಬಿಳಿ ಹಾಳೆ ಫೋಟೋ ಕಳ್ಸು, ನುಸಿನೋ ಅಲ್ವೋ ನೋಡ್ತೀನಿ.