ಪಂಚಾಯಿತಿ ಶೆಡ್ಡಿನ ಎಣ್ಣೆ ಮಣ್ಣು, ಮೇಲಿನಿಂದ ಇಳಿಯುವ ಮಳೆ ನೀರು: ಮೊದಲು ಯಾವುದಕ್ಕೆ ಕೈ ಹಾಕುವುದು?

ತೋಡಿನ ಪಕ್ಕದ ಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿ ಕಡೆಯ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ಊರಿನ ಹೆಸರು ಬೇಡ. ಬರೆದರೆ ಮುಂದಿನ ಮೀಟಿಂಗಿನಲ್ಲಿ ನನಗೆ ಕಾಫಿ ಕೂಡ ಸಿಗುವುದಿಲ್ಲ.

ನಮ್ಮ ಪಂಚಾಯಿತಿ ಕಟ್ಟಡದ ಹಿಂದೆ ಒಂದು ಶೆಡ್ ಇದೆ. 20 ಅಡಿಗೆ 30 ಅಡಿ. ಮೇಲೆ ಜಿಂಕ್ ಶೀಟು, ಕೆಳಗೆ ಬರೀ ಮಣ್ಣು. ನೀರಿನ ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರ್, ಕಸದ ಆಟೋ, ಜನರೇಟರ್, ಡೀಸೆಲ್ ಡ್ರಮ್ಮು ಎಲ್ಲ ಅಲ್ಲೇ. ಆಯಿಲ್ ಬದಲಾಯಿಸಿದಾಗಲೆಲ್ಲ ಹಳೆ ಆಯಿಲನ್ನು ಅಲ್ಲೇ ಚೆಲ್ಲುತ್ತಾ ಬಂದಿದ್ದಾರೆ. ಧೂಳು ಏಳಬಾರದು ಅಂತ ಸ್ವಲ್ಪ, ಬೇಲಿ ಗೂಟಕ್ಕೆ ಗೆದ್ದಲು ಹಿಡಿಯಬಾರದು ಅಂತ ಸ್ವಲ್ಪ, ಉಳಿದದ್ದು ಸುಮ್ನೆ. ಹದಿನೈದು ವರ್ಷದಿಂದ ಹೀಗೇ. ಈಗ ಅಲ್ಲಿ ಮಣ್ಣು ಕಪ್ಪಗೆ, ತುಳಿದರೆ ರಬ್ಬರಿನ ಹಾಗೆ. ಮಳೆಗಾಲದಲ್ಲೂ ಹುಲ್ಲು ಹುಟ್ಟುವುದಿಲ್ಲ. ನಮ್ಮೂರಿನಲ್ಲಿ ಹುಲ್ಲು ಹುಟ್ಟದ ಜಾಗ ಅಂದರೆ ಏನು ಅಂತ ನಿಮಗೆ ಗೊತ್ತು.

ಶೆಡ್ಡಿನ ಹಿಂದೆ ಬರೆ (ಗುಡ್ಡ ಕಡಿದ ಮಣ್ಣಿನ ಗೋಡೆ), ಅದರ ಮೇಲೆ ಸುಮಾರು ಅರ್ಧ ಎಕರೆ ಇಳಿಜಾರು. ಜುಲೈನಲ್ಲಿ ಅಷ್ಟೂ ನೀರು ಶೆಡ್ಡಿನೊಳಗೇ ನುಗ್ಗಿ, ಕಪ್ಪು ಮಣ್ಣು ತೊಳೆದುಕೊಂಡು ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಇಳಿಯುತ್ತದೆ. ತೋಡಿನ ಆಚೆ ಗದ್ದೆ. ಶೆಡ್ಡಿನಿಂದ ಅರವತ್ತು ಅಡಿ ಕೆಳಗೆ ಒಂದು ತೆರೆದ ಬಾವಿ, ನಾಲ್ಕು ಲೈನ್ ಮನೆಯವರು (ತೋಟದ ಕೆಲಸಗಾರರ ಸಾಲು ಮನೆ) ಅದರ ನೀರನ್ನೇ ಕುಡಿಯುವುದು. ನಮ್ಮ ಮಾವ ಹೇಳುತ್ತಾರೆ, "ಮೊದಲು ಕಕ್ಕಡದ ಮಳೆ ತಿಂಗಳಲ್ಲಿ ಈ ತೋಡಿನಲ್ಲಿ ಏಡಿ ಹಿಡಿಯುತ್ತಿದ್ದೆವು, ಈಗ ಕಾಮನಬಿಲ್ಲು ಹಿಡಿಯಬಹುದು" ಅಂತ.

ಈಗ ವಿಷಯ ಏನೆಂದರೆ, ಶೆಡ್ ಕಿತ್ತು ಅದೇ ಜಾಗದಲ್ಲಿ ಅಂಗನವಾಡಿ ಕಟ್ಟಬೇಕು ಅಂತ ಮಾತು ಬಂದಿದೆ. ಕೆಲಸ ಹಿಡಿಯುವವರೊಬ್ಬರು "ಮೇಡಂ, ಜೆಸಿಬಿ ತಂದು ಒಂದು ದಿನದಲ್ಲಿ ಕೆರೆದು ಕೊಡುತ್ತೇನೆ, ಮಣ್ಣು ನಾನೇ ಒಯ್ಯುತ್ತೇನೆ, ದುಡ್ಡು ಬೇಡ" ಅನ್ನುತ್ತಿದ್ದಾರೆ. ಎಲ್ಲಿಗೆ ಒಯ್ಯುತ್ತೀರಿ ಅಂದರೆ, ಯಾರದೋ ಗದ್ದೆ ತುಂಬಿಸಲು ಮಣ್ಣು ಬೇಕಂತೆ.

ಬಿಟ್ಟಿ ಸಿಗುತ್ತದೆ ಅಂದ ಕೂಡಲೇ ಉಳಿದ ಸದಸ್ಯರ ಮುಖ ಅರಳಿತು. ನನಗೆ ಮಾತ್ರ ಹೊಟ್ಟೆಯೊಳಗೆ ಏನೋ ಸರಿ ಇಲ್ಲ ಅನಿಸುತ್ತಿದೆ. ಈಗ ಜನವರಿ ಕೊನೆ. ಜೂನ್ ಒಳಗೆ ಏನು ಮಾಡಬಹುದು? ಮೊದಲು ಮಣ್ಣೋ, ನೀರೋ?

---

ಜಲ್ಲಿ ಸಿಮೆಂಟು

ಅಕ್ಕ, ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಯಾಕೆ? ಆರು ಇಂಚು ಕಾಂಕ್ರೀಟ್ ಹಾಕಿ ಮುಚ್ಚಿಬಿಡಿ. ಮೇಲೆ ಟೈಲ್ಸ್. ಯಾರಿಗೂ ಕಾಣುವುದಿಲ್ಲ.

---

ಡಿಪೋ ಪೆನ್ಷನರ್

ಮೇಲಿನ ತಮ್ಮನಿಗೆ ಒಂದು ಮಾತು. ಕಾಂಕ್ರೀಟ್ ಹಾಕಿದರೆ ನಮಗೆ ಕಾಣುವುದಿಲ್ಲ, ಬಾವಿಗೆ ಕಾಣುತ್ತದೆ. ಬರೆಯಿಂದ ಮಣ್ಣಿನೊಳಗೇ ಇಳಿದು ಬರುವ ನೀರು ಕಾಂಕ್ರೀಟಿನ ಅಡಿಯಲ್ಲೇ ಹೋಗುತ್ತದೆ. ಮುಚ್ಚುವುದು ತಪ್ಪಲ್ಲ, ಆದರೆ ಅದು ಕೊನೆಯ ಕೆಲಸ. ಮೊದಲನೆಯದಲ್ಲ.

ಸದಸ್ಯೆಯವರೇ, ನಾನು ಒಂದು ಬಸ್ ಡಿಪೋದಲ್ಲಿ 31 ವರ್ಷ ಮೆಕ್ಯಾನಿಕ್ ಆಗಿದ್ದೆ. ಎಣ್ಣೆ ಕೈಯಲ್ಲೇ ಜೀವನ ಕಳೆದವನು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಒಂದೇ: ಮೊದಲು ನೀರು. ಮೇಲಿನ ನೀರನ್ನು ತಿರುಗಿಸುವವರೆಗೆ ಆ ಮಣ್ಣಿಗೆ ಹಾರೆ ಹಾಕಬೇಡಿ. ಗಟ್ಟಿಯಾಗಿ ಕೂತ ಎಣ್ಣೆ ಮಣ್ಣು ನಿಧಾನವಾಗಿ ಬಿಡುತ್ತದೆ. ಕೆದಕಿದ ಮಣ್ಣು ಒಂದೇ ಮಳೆಗೆ ಪೂರ್ತಿ ಇಳಿಯುತ್ತದೆ.

ಲೆಕ್ಕ ಹಾಕಿ ನೋಡಿ. ಅರ್ಧ ಎಕರೆ ಅಂದರೆ 21,780 ಚದರ ಅಡಿ. ಗಂಟೆಗೆ 2 ಇಂಚು ಹೊಡೆದರೆ (ನಮ್ಮಲ್ಲಿ ಹೊಡೆಯುತ್ತದೆ) ಒಂದು ಲಕ್ಷ ಲೀಟರ್ ಬೀಳುತ್ತದೆ. ಅರ್ಧ ಇಂಗಿತು ಅಂದುಕೊಂಡರೂ 50,000 ಲೀಟರ್ ನಿಮ್ಮ ಶೆಡ್ಡಿಗೆ. ಸೆಕೆಂಡಿಗೆ 14 ಲೀಟರ್, ಅಂದರೆ ಒಂದು ಕೊಡ. ಇದು ಬರೀ ಮೇಲಿನ ಜಾಗದ್ದು. ಮಾಡಿನ ನೀರು ಬೇರೆ. ನಿಮ್ಮ 600 ಚದರ ಅಡಿ ಶೀಟಿನ ಮೇಲೆ 1 ಇಂಚು ಬಿದ್ದರೆ 1,400 ಲೀಟರ್. ವರ್ಷಕ್ಕೆ 120 ಇಂಚು ಹಿಡಿದರೆ 1 ಲಕ್ಷದ 70 ಸಾವಿರ ಲೀಟರ್. ಅಷ್ಟೂ ಶುದ್ಧ ನೀರು. ನಿಮ್ಮ ನೆಲ ಮುಟ್ಟಿದ ಮೇಲೆಯೇ ಅದು ಕೊಳೆ ಆಗುವುದು.

ಈ ಪಾಠ ನಾನು ಕಲಿತದ್ದು ಹೇಗೆ ಗೊತ್ತಾ? ನಮ್ಮಲ್ಲಿ ಬಸ್ಸು ತೊಳೆಯುವ ಜಾಗಕ್ಕೆ ಮೂರು ಕೋಣೆಯ ತೊಟ್ಟಿ ಇತ್ತು. ಮೊದಲ ಕೋಣೆಯಲ್ಲಿ ಕೆಸರು ಕೂರುತ್ತದೆ, ಎರಡನೆಯದರಲ್ಲಿ ಎಣ್ಣೆ ಮೇಲೆ ತೇಲುತ್ತದೆ. ಮೂರನೆಯದಕ್ಕೆ ಹೋಗುವ ಪೈಪು ಕೆಳಗೆ ಬಾಗಿರುತ್ತದೆ, ಹಾಗಾಗಿ ಅಡಿಯ ನೀರು ಮಾತ್ರ ದಾಟುತ್ತದೆ. ಚೆನ್ನಾಗಿಯೇ ನಡೆಯುತ್ತಿತ್ತು. ಒಂದು ವರ್ಷ ಯಾರೋ ಬುದ್ಧಿವಂತರು ಮಾಡಿನ ಪೈಪನ್ನೂ ತಂದು ಅದಕ್ಕೇ ಸೇರಿಸಿದರು. ಒಂದೇ ಹೊರಹರಿವು ಸಾಕು ಅಂತ. ಜೂನ್ ತಿಂಗಳ ಒಂದು ರಾತ್ರಿ ಮಳೆ ಹಿಡಿಯಿತು ನೋಡಿ, ತಿಂಗಳುಗಟ್ಟಲೆ ಹಿಡಿದಿಟ್ಟ ಎಣ್ಣೆಯೆಲ್ಲ ಬೆಳಗಾಗುವಷ್ಟರಲ್ಲಿ ಕೆಳಗಿನ ಗದ್ದೆಯಲ್ಲಿ. ಸಸಿಮಡಿ ಹೋಯಿತು. ಆ ಗದ್ದೆಯವರ ಮುಂದೆ ತಲೆ ತಗ್ಗಿಸಿ ನಿಂತವನು ನಾನು.

1,000 ಲೀಟರ್ ತೊಟ್ಟಿಗೆ ಸೆಕೆಂಡಿಗೆ 14 ಲೀಟರ್ ಬಿಟ್ಟರೆ ನೀರು ಅದರಲ್ಲಿ ಒಂದೂಕಾಲು ನಿಮಿಷವೂ ನಿಲ್ಲುವುದಿಲ್ಲ. ಎಣ್ಣೆ ಮೇಲೆ ಬರಲು ನೀರು ನಿಲ್ಲಬೇಕು ಅಲ್ವಾ?

ಹಾಗಾಗಿ ಬರೆಯ ತಲೆಯ ಮೇಲೆ, ಅಂಚಿನಿಂದ ಹಿಂದಕ್ಕೆ, ಒಂದು ಅಡ್ಡ ಕಣಿ (ಚರಂಡಿ) ತೆಗೆಸಿ. ತೋಟದಲ್ಲಿ ತೆಗೆದ ಹಾಗೆ ಬರೀ ಮಣ್ಣಿನ ಕಣಿ ಬೇಡ. ನೀರು ಇಂಗಿ ಬರೆಯೇ ಕೂತುಬಿಡುತ್ತದೆ. ಕಲ್ಲು, ಸಿಮೆಂಟು ಹಾಕಿ. ಒಂದೂವರೆ ಅಡಿ ಅಗಲ, ಒಂದು ಅಡಿ ಆಳ ಮಾಡಿದರೆ ನೀರಿಗೆ ಬೇಕಾದಷ್ಟಾಯಿತು, ಮಿಕ್ಕಿದ್ದು ಸಿಲ್ವರ್ ಓಕ್ ಎಲೆಗೆ. ನೀರು ತೋಡಿಗೆ ಬೀಳುವ ಕಡೆ ದಪ್ಪ ಕಲ್ಲು ಜೋಡಿಸಿ, ಇಲ್ಲದಿದ್ದರೆ ಅಲ್ಲೇ ಕೊರೆಯುತ್ತದೆ. ಶೀಟಿಗೆ ದಂಬೆ ಕಟ್ಟಿ ಆ ನೀರನ್ನೂ ಹೊರಗೇ ಬಿಡಿ. ಆಮೇಲೆ ಉಳಿಯುವುದು ಗಾಡಿ ತೊಳೆದ ನೀರು ಮಾತ್ರ. ಅದಕ್ಕೆ ಸಣ್ಣ ತೊಟ್ಟಿ ಸಾಕು. ಸೋಪು ಪುಡಿ ಹಾಕಿ ತೊಳೆಯಬಾರದು. ಸೋಪು ಎಣ್ಣೆಯನ್ನು ನೀರಿನಲ್ಲಿ ಬೆರೆಸಿಬಿಡುತ್ತದೆ, ತೊಟ್ಟಿ ಇದ್ದೂ ಇಲ್ಲದ ಹಾಗೆ.

ಇನ್ನೊಂದು, ಜೆಸಿಬಿಯವನಿಗೆ ಬರೆಯನ್ನು ನೆಟ್ಟಗೆ ಕಡಿಯಲು ಬಿಡಬೇಡಿ. 2018ರ ಆಗಸ್ಟಿನಲ್ಲಿ ನಮ್ಮ ಕಡೆ ಗುಡ್ಡ ಕುಸಿದದ್ದು ನೆನಪಿದೆ ತಾನೇ.

---

ಮಣ್ಣು ಮೇಷ್ಟ್ರು

ಪೆನ್ಷನರ್ ಸಾರ್ ನೀರಿನ ಬಗ್ಗೆ ಹೇಳಿದ್ದಕ್ಕೆ ಸೇರಿಸುವುದು ಏನೂ ಇಲ್ಲ. ಮಣ್ಣಿನ ಬಗ್ಗೆ ನನಗೆ ತಿಳಿದಷ್ಟು ಬರೆಯುತ್ತೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದೆ, ಅದಕ್ಕೂ ಮೊದಲು ಕೆಲವು ವರ್ಷ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿದ್ದೆ.

ನಿಮ್ಮ ಮಾವನವರ ಕಾಮನಬಿಲ್ಲನ್ನು ಮೊದಲು ಪರೀಕ್ಷೆ ಮಾಡಿ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ನಿಂತ ನೀರಿನ ಮೇಲೆ ಥೇಟ್ ಎಣ್ಣೆಯಂತಹ ಪದರ ಕಟ್ಟುತ್ತವೆ. ಒಂದು ಕಡ್ಡಿಯಿಂದ ಕಲಕಿ. ಗಾಜಿನ ಚೂರಿನ ಹಾಗೆ ಒಡೆದು ಬೇರೆ ಬೇರೆಯಾಗಿ ನಿಂತರೆ ಅದು ಬ್ಯಾಕ್ಟೀರಿಯಾ, ಭಯವಿಲ್ಲ. ಸುತ್ತಿಕೊಂಡು ಮತ್ತೆ ಒಂದಾದರೆ ಎಣ್ಣೆ. ಮೀಟಿಂಗಿನಲ್ಲಿ "ಅದೆಲ್ಲ ಮಾಮೂಲಿ" ಅನ್ನುವವರನ್ನು ತೋಡಿಗೆ ಕರೆದುಕೊಂಡು ಹೋಗಿ, ಅವರ ಕೈಗೇ ಕಡ್ಡಿ ಕೊಡಿ.

ಬಾವಿ ನೀರನ್ನು ಪರೀಕ್ಷೆಯ ಫಲಿತಾಂಶ ಬರುವವರೆಗೆ ಕುಡಿಯಲು, ಅಡುಗೆಗೆ ಬಳಸಬೇಡಿ. ಟ್ಯಾಂಕರ್ ನಿಮ್ಮದೇ ಇದೆಯಲ್ಲ, ಆ ನಾಲ್ಕು ಮನೆಗೆ ಬೇರೆ ನೀರು ಕೊಡಿ. ಕುದಿಸಿದರೆ ಕ್ರಿಮಿ ಸಾಯುತ್ತದೆ. ಆಯಿಲ್‌ನಲ್ಲಿರುವ ಸೀಸ ಹೋಗುವುದಿಲ್ಲ.

ಎಷ್ಟು ಆಳ ಇಳಿದಿದೆ ಅಂತ ನೋಡಲು ಐದಾರು ಕಡೆ ಹಾರೆಯಿಂದ ಗುಂಡಿ ತೆಗೆಸಿ. ಅರ್ಧ ಅಡಿಗೊಮ್ಮೆ ಒಂದು ಹಿಡಿ ಮಣ್ಣು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ ಕುಲುಕಿ, ಹತ್ತು ನಿಮಿಷ ಬಿಡಿ. ಮೇಲೆ ಎಣ್ಣೆ ನಿಂತರೆ ಇನ್ನೂ ಕೆಳಗೆ ಹೋಗಿ. ಹಳೆ ಆಯಿಲ್ ಮಂದ, ನಮ್ಮ ಅಂಟು ಮಣ್ಣಿನಲ್ಲಿ ಬೇಗ ಇಳಿಯುವುದಿಲ್ಲ. ಡೀಸೆಲ್ ತೆಳು, ಡ್ರಮ್ಮಿನ ಕೆಳಗೆ ಆಳಕ್ಕೆ ಹೋಗಿರುತ್ತದೆ. ಇದು ಅಂದಾಜಿಗೆ ಮಾತ್ರ. ಲ್ಯಾಬಿಗೆ ಕಳಿಸುವ ಮಣ್ಣನ್ನು ಗಾಜಿನ ಬಾಟಲಿಯಲ್ಲೇ, ಐಸ್ ಪೆಟ್ಟಿಗೆಯಲ್ಲಿಟ್ಟು ಕಳಿಸಬೇಕು. ಎಣ್ಣೆ ಎಷ್ಟಿದೆ ಅಂತ ಮಾತ್ರ ಕೇಳಬೇಡಿ, ಸೀಸ, ಸತು ಎಷ್ಟಿದೆ ಅಂತಲೂ ಕೇಳಿ.

ಯಾಕೆಂದರೆ ದಾರಿ ಕವಲಾಗುವುದು ಅಲ್ಲೇ. ಎಣ್ಣೆಯನ್ನು ಮಣ್ಣಿನ ಬ್ಯಾಕ್ಟೀರಿಯಾ ತಿನ್ನುತ್ತವೆ. ಲೋಹವನ್ನು ಯಾರೂ ತಿನ್ನುವುದಿಲ್ಲ. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದು ಹೊಡೆದು ನಮ್ಮ ತೋಟದ ಮೇಲ್ಮಣ್ಣಿನಲ್ಲಿ ತಾಮ್ರ ಕೂತಿದೆಯಲ್ಲ, ಹಾಗೇ ಕೂತಿರುತ್ತದೆ. ಲೋಹ ಜಾಸ್ತಿ ಬಂದರೆ ಆ ಮಣ್ಣು ದಾಬಸ್‌ಪೇಟೆ ಹತ್ತಿರ ಇರುವ ಅಪಾಯಕಾರಿ ತ್ಯಾಜ್ಯದ ಜಾಗಕ್ಕೇ ಹೋಗಬೇಕು.

ಬರೀ ಎಣ್ಣೆ ಆದರೆ ಇಲ್ಲೇ ಗುಣ ಮಾಡಬಹುದು. ಗುಂಡಿಗಳಲ್ಲಿ ಒಂದೂವರೆ ಅಡಿ ಆಳ, 20 ಅಡಿಗೆ 15 ಅಡಿ ಜಾಗ ಹಾಳಾಗಿದೆ ಅಂತ ಕಂಡರೆ, ಸಿಗುವುದು ನಾಲ್ಕೂವರೆ ಯೂನಿಟ್ (450 ಘನ ಅಡಿ) ಮಣ್ಣು. ಕೆಳಗೆ ಸಿಲ್ಪಾಲಿನ್ (ದಪ್ಪ ಪ್ಲಾಸ್ಟಿಕ್ ಹಾಳೆ) ಹಾಸಿ, ಅದರ ಮೇಲೆ ಮೂರು ನಾಲ್ಕು ಅಡಿ ಎತ್ತರದ ರಾಶಿ ಮಾಡಿ, ಮಾಡಿನ ಅಡಿಯಲ್ಲೇ. ಬ್ಯಾಕ್ಟೀರಿಯಾಗಳಿಗೆ ಬೇಕಾದ್ದು ಗಾಳಿ, ಪಸೆ, ಸಾರಜನಕ, ರಂಜಕ. ಕಾಫಿ ಸಿಪ್ಪೆ ಬೆರೆಸಿದರೆ ಮಣ್ಣು ಸಡಿಲವಾಗಿ ಗಾಳಿ ಆಡುತ್ತದೆ. ಸ್ವಲ್ಪ ಯೂರಿಯಾ, ರಾಕ್ ಫಾಸ್ಫೇಟ್. ನಮ್ಮದು ಹುಳಿ ಮಣ್ಣು, ಆದ್ದರಿಂದ ಸುಣ್ಣ. ಎರಡು ವಾರಕ್ಕೊಮ್ಮೆ ಮಗುಚಬೇಕು. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾವನ್ನು ಟೆರಿ ಸಂಸ್ಥೆ 'ಆಯಿಲ್ ಜಾಪರ್' ಎಂಬ ಹೆಸರಿನಲ್ಲಿ ತಯಾರು ಮಾಡಿದೆ, ತೈಲ ಕಂಪನಿಗಳು ಬಳಸುತ್ತವೆ. ಡೀಸೆಲ್ ತಿಂಗಳುಗಳಲ್ಲಿ ಇಳಿಯುತ್ತದೆ, ಹಳೆ ಆಯಿಲ್ ಅದಕ್ಕಿಂತ ತುಂಬ ನಿಧಾನ. ಜೂನ್ ಒಳಗೆ ಅಂತ ಮಾತು ಕೊಡಬೇಡಿ.

ಗದ್ದೆಗೆ ಮಾತ್ರ ಬೇಡ. ಅದು ಬಿಟ್ಟಿ ಅಲ್ಲ, ಬಿಲ್ಲು ಇನ್ನೊಬ್ಬರ ಮನೆಗೆ ಹೋಗುತ್ತದೆ ಅಷ್ಟೇ.

---

ಕುಶಾಲನಗರ ಸಿವಿಲ್

ಕಾಗದದ ಕಡೆಯದು ಚಿಕ್ಕದಾಗಿ ಹೇಳುತ್ತೇನೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಬಳಸಿದ ಆಯಿಲ್ ಬರುತ್ತದೆ. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಅನುಮತಿ ಇರುವ ಮರುಬಳಕೆಯವರಿಗೇ ಕೊಡಬೇಕು. ಕಲುಷಿತ ಜಾಗಗಳಿಗೆ ಅಂತಲೇ 2025ರ ಜುಲೈನಲ್ಲಿ ಕೇಂದ್ರದ ಹೊಸ ನಿಯಮ ಬಂದಿದೆ. ಅದರಂತೆ ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತವೇ ಸಂಶಯದ ಜಾಗಗಳನ್ನು ಗುರುತಿಸಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಬೇಕು. ಅಂದರೆ ನೀವು ಬರೆದರೆ ಅದು ಚಾಡಿ ಅಲ್ಲ, ಪಂಚಾಯಿತಿಯ ಕೆಲಸವೇ. ಮೇಷ್ಟ್ರು ಹೇಳಿದ ರಾಶಿಯನ್ನೂ ಮಂಡಳಿಯನ್ನು ಕೇಳಿಯೇ ಮಾಡಿ.

ಒಂದು ಎಚ್ಚರಿಕೆ. ಅಂಗನವಾಡಿ ಪ್ಲಾನಿನಲ್ಲಿ ಮಳೆ ನೀರು ಇಂಗು ಗುಂಡಿ ಅಂತ ಬರೆದಿರುತ್ತಾರೆ. ಆ ಕಪ್ಪು ಮಣ್ಣಿನ ಹತ್ತಿರ ಇಂಗು ಗುಂಡಿ ತೆಗೆದರೆ ಎಣ್ಣೆಯನ್ನು ನೀವೇ ಬಾವಿಗೆ ತಳ್ಳಿದ ಹಾಗೆ. ಬರೆಯ ಮೇಲೂ ಬೇಡ.

---

ತೋಡಿನ ಪಕ್ಕದ ಮನೆ

ಎಲ್ಲರಿಗೂ ಉತ್ತರ ಕೊಡಲು ತಡವಾಯಿತು, ಕ್ಷಮಿಸಿ. ಕರಿಮೆಣಸು ಕೊಯ್ಲು ಇತ್ತು.

ಕಡ್ಡಿ ಪರೀಕ್ಷೆ ಮಾಡಿದೆವು. ತೋಡಿನ ಮೇಲ್ಗಡೆ, ಶೆಡ್ಡಿಗಿಂತ ಮೊದಲು, ಪದರ ಚೂರು ಚೂರಾಯಿತು. ಶೆಡ್ಡಿನ ಕೆಳಗೆ ಸುತ್ತಿಕೊಂಡು ಮತ್ತೆ ಒಂದಾಯಿತು. ಅಧ್ಯಕ್ಷರೇ ಕಡ್ಡಿ ಹಿಡಿದಿದ್ದರು, ಮೂರು ಸಲ ಕಲಕಿ ಸುಮ್ಮನಾದರು. ಗದ್ದೆಗೆ ಮಣ್ಣು ಒಯ್ಯುವ ಮಾತು ಅಲ್ಲಿಗೆ ನಿಂತಿತು. ಮಂಡಳಿಗೆ ಪತ್ರ ಹೋಗಿದೆ. ಲೈನ್ ಮನೆಗಳಿಗೆ ದಿನಾ ಟ್ಯಾಂಕರ್ ಹೋಗುತ್ತಿದೆ. ಬಾವಿ ನೀರು, ಮಣ್ಣು ಎರಡರ ರಿಪೋರ್ಟೂ ಬರಬೇಕಷ್ಟೆ. ಅಂಗನವಾಡಿಗೆ ಶಾಲೆಯ ಪಕ್ಕದ ಜಾಗ ನೋಡೋಣ ಅನ್ನುತ್ತಿದ್ದಾರೆ. ನೋಡೋಣ.

ಕಣಿ ಆಯಿತು, ದಂಬೆಯೂ ಆಯಿತು. ಮೊನ್ನೆ ಕಾಫಿ ಹೂ ಅರಳಿಸುವ ಮೊದಲ ಹೂಮಳೆ ಬಿತ್ತು, 1 ಇಂಚು 10 ಸೆಂಟ್ (ಅಂದರೆ 1.10 ಇಂಚು). ನಾನೂ ಪಿಡಿಒ ಅವರೂ ಕೊಡೆ ಹಿಡಿದು ಬರೆಯ ಪಕ್ಕ ನಿಂತಿದ್ದೆವು, ಮದುವೆ ದಿಬ್ಬಣ ಕಾಯುವವರ ಹಾಗೆ. ಮೊದಲ ಹತ್ತು ನಿಮಿಷ ನೀರು ಚೆನ್ನಾಗಿ ಹೋಯಿತು. ಆಮೇಲೆ ತಿರುವಿನಲ್ಲಿ ಎಲೆ ಕಟ್ಟಿಕೊಂಡು ಉಕ್ಕಿತು. ಪಿಡಿಒ ಅವರೇ ಪ್ಯಾಂಟು ಮಡಚಿ ಇಳಿದು ಎಲೆ ಎತ್ತಿ ಹಾಕಿದರು. ಶೆಡ್ಡಿನೊಳಗೆ ನೀರು ಬರಲಿಲ್ಲ. ಹದಿನೈದು ವರ್ಷದಲ್ಲಿ ಮೊದಲ ಸಲ ಅಂತ ಟ್ರ್ಯಾಕ್ಟರ್ ಡ್ರೈವರ್ ಹೇಳಿದ.

ಎರಡು ಪ್ರಶ್ನೆ ಉಳಿದಿದೆ. ರಾಶಿಯ ಕೆಳಗೆ ಹಾಸಲು ಸಿಲ್ಪಾಲಿನ್ ಎಷ್ಟು ದಪ್ಪ ಇರಬೇಕು? ರಾಶಿಯ ಮೇಲೆ ಮುಚ್ಚುವ ಟಾರ್ಪಲ್ ಗಾಳಿಗೆ ಹಾರದ ಹಾಗೆ ಶೆಡ್ಡಿನಲ್ಲಿರುವ ಹಳೆ ಟಯರ್ ಇಡಬಹುದಾ?

---

ಡಿಪೋ ಪೆನ್ಷನರ್

ಕೆರೆಗೆ ಹಾಸುತ್ತಾರಲ್ಲ, ಆ 500 ಮೈಕ್ರಾನ್‌ನದು ತನ್ನಿ. ಅಂಚನ್ನು ಒಂದು ಅಡಿ ಮೇಲೆ ಮಡಚಿ, ತಟ್ಟೆಯ ಹಾಗೆ. ಟಯರ್ ಬೇಡ, ನೀರು ನಿಂತು ಸೊಳ್ಳೆ ಆಗುತ್ತದೆ. ಮರಳು ಚೀಲ ಇಡಿ. ಹೊಸ ಡೀಸೆಲ್ ಡ್ರಮ್ಮನ್ನೂ ಮಣ್ಣಿನ ಮೇಲೆ ಇಡಬೇಡಿ. 200 ಲೀಟರ್ ಡ್ರಮ್ಮಿಗೆ 220 ಲೀಟರ್ ಹಿಡಿಯುವ ಸಿಮೆಂಟು ತೊಟ್ಟಿ ಕಟ್ಟಿ, ಅದರೊಳಗೆ ನಿಲ್ಲಿಸಿ.

ಕಣಿಯ ತಿರುವಿಗೆ ಒಂದು ಕಬ್ಬಿಣದ ಜಾಲರಿ ಇಡಿ, ಸ್ವಲ್ಪ ಓರೆಯಾಗಿ. ಎಲೆ ಎತ್ತುವವರ ಹೆಸರನ್ನು ಮೇ ತಿಂಗಳಲ್ಲೇ ಬರೆದಿಟ್ಟುಕೊಳ್ಳಿ. ಪಿಡಿಒ ವರ್ಗ ಆಗಬಹುದು.